ಗುಡ್ರುನ್ ಹಾಕಿದ ಬೀಗ

ಬಂದರಿನ ಕ್ರೇನು ನಡೆಸುವ ಕಂಪ್ಯೂಟರು ಎಂಟನೆಯ ಸಲವೂ ಕಾರಣ ಹೇಳದೆ, ಅರ್ಧ ಸಾಲಿಗೇ ಮೂಕವಾಗಿ ಸತ್ತಿತು. ಅದರ ಪ್ರೋಗ್ರಾಂ ತಿದ್ದುತ್ತಿದ್ದ ಕಾಸ್ಪರ್ ತಲೆ ತಗ್ಗಿಸಿದ. ಕೆಟ್ಟ ಕಾರಣವನ್ನು ದಾಖಲಿಸುವ ಲಾಗ್ ಬರೆಯುವ ದಾರಿಗೆ, ಒಮ್ಮೆಗೆ ಒಂದೇ ಪ್ರೊಸೆಸರು ಬರೆಯಲಿ ಎಂದು ಇಪ್ಪತ್ತು ವರ್ಷದ ಹಿಂದೆ ಪ್ರೋಗ್ರಾಂನಲ್ಲೇ ಬೀಗ ಹಾಕಿದ್ದವರು ಪಕ್ಕದಲ್ಲೇ ಕೂತಿದ್ದ ಹಿರಿಯ ಎಂಜಿನಿಯರ್ ಗುಡ್ರುನ್. ಆ ಬೀಗ ಹಿಡಿದ ಪ್ರೊಸೆಸರು ನಿಂತುಹೋದರೆ, ಸುದ್ದಿ ಹೇಳಬೇಕಾದ ಇನ್ನೊಂದು ಪ್ರೊಸೆಸರು ಕಾಯುತ್ತಲೇ ಉಳಿಯುತ್ತಿತ್ತು.

"ಸತ್ತವನ ಕೈಲಿ ಬೀಗದ ಕೈ ಇದ್ರೆ ಎಷ್ಟೊತ್ತು ಕಾಯ್ತೀರಿ, ಕಾಸ್ಪರ್? ಒಡೀರಿ."

"ನೀವು ಹಾಕಿದ್ದಲ್ವಾ, ಮೇಡಂ..."

"ಅದೇನು ನನ್ನ ಮದುವೆ ಉಂಗುರಾನಾ? ಒಡೀರಿ ಅಂದೆ!"

ಕಂಪ್ಯೂಟರು ಸಾಯುವಾಗ ಮಾತ್ರ ಸುದ್ದಿ ಬೀಗಕ್ಕೆ ಕಾಯದೆ ನುಗ್ಗುವಂತೆ ನಾಲ್ಕು ಸಾಲು ತಿದ್ದಿ, ಅವನು ಬೇಕೆಂದೇ ಮತ್ತೆ ಕಂಪ್ಯೂಟರನ್ನು ಕೆಡವಿದ. ಈ ಸಲ ಕಾರಣವೆಲ್ಲ ಕೊನೆಯ ಸಾಲಿನವರೆಗೂ ಪರದೆಯ ಮೇಲೆ ಇಳಿಯಿತು. ಬ್ರೆಮೆನ್ನಿನ ಆ ಕಚೇರಿಯಲ್ಲಿ ಒಂಬತ್ತು ವರ್ಷ ಅವನನ್ನು ಬಹುವಚನದಲ್ಲೇ ಮಾತಾಡಿಸಿದ್ದ ಗುಡ್ರುನ್, ಬೆನ್ನಿಗೊಂದು ಗುದ್ದಿ ಹೇಳಿದರು: "ಗೆದ್ಬಿಟ್ಟೆ ಕಣೋ ನೀನು!"