ಗವಿಯೊಳಗಿನ ಬೆತ್ತ

ಏಳು ಬೆಟ್ಟಗಳಾಚೆ, ಹದ್ದುಗಳು ಮಾತ್ರ ಇಳಿಯುವ ಒಂದು ಗವಿಯಲ್ಲಿ, ಸಾಧುವೊಬ್ಬ ಬಿಟ್ಟುಹೋದ ಬೆತ್ತವಿತ್ತಂತೆ. ಅದನ್ನು ತಂದವನಿಗೆ ನಾಡಿನ ಪಟ್ಟ, ಸೋತವನಿಗೆ ಶೂಲ.

"ಅದನ್ನ ನನ್ನ ಮಗನ ಕೈಗೆ ಕೊಡಿಸ್ತೀನಿ ಅಂತ ಭಾಷೆ ಕೊಡಿ" ಎಂದು ಹೆಂಡತಿ ಸಾಯುವಾಗ ಕೇಳಿದ್ದಳು. ಅದಕ್ಕೇ ತಂದೆ, ವರ್ಷಗಳಿಂದ ಮುಖ ಕೊಟ್ಟು ಮಾತಾಡದ ಮಗನ ಹಿಂದೆ, ಏದುಸಿರು ಬಿಡುತ್ತ ಬೆಟ್ಟ ಹತ್ತುತ್ತಿದ್ದ. ಅದೇ ಬೆತ್ತಕ್ಕೆ ಹೊರಟಿದ್ದ ಎದುರಾಳಿ ಅಣ್ಣತಮ್ಮಂದಿರ ಕೇಕೆ ಕೆಳಗಿನ ತಿರುವಿನಲ್ಲೇ ಕೇಳಿಸುತ್ತಿತ್ತು.

ಗವಿಯ ಬಾಯಿ ಬಂದಿತು.

"ನೀನು ಒಳಗೆ ಹೋಗು ಮಗಾ. ನಾನು ಇಲ್ಲೇ ಕಾವಲಿರ್ತೀನಿ."

"ಏನು ಮಾಡ್ತೀಯಾ? ಕೆಮ್ಮಿ ಅವರನ್ನ ಓಡಿಸ್ತೀಯಾ?" ಎಂದು ಮಗ ಹಂಗಿಸಿದ.

ತಂದೆ ನಕ್ಕ. ಮಗನಿಗೆ ಗೊತ್ತಿಲ್ಲದ ಸಂಗತಿಯೊಂದು ಅವನಿಗೆ ಗೊತ್ತಿತ್ತು. ಯಾರೇ ಆಗಲಿ, ತನ್ನನ್ನು ಹುಟ್ಟಿಸಿದ ಅಪ್ಪ ಬದುಕಿರುವವರೆಗೆ ಆ ಬೆತ್ತ ಅವರ ಕೈಗೆ ಏಳುವುದಿಲ್ಲ; ಬಂಡೆಯಂತೆ ಬಿದ್ದಿರುತ್ತದೆ. ಎದುರಾಳಿಗಳು ಅದಕ್ಕೆಂದೇ ತಮ್ಮ ತಂದೆಯನ್ನು ನಿನ್ನೆ ತಾವೇ ಮುಗಿಸಿ, ಮಣ್ಣು ಮುಚ್ಚಿ ಬಂದಿದ್ದರು.

'ನನ್ನ ಮಗನಿಗೆ ಆ ಪಾಪ ಬೇಡ' ಎಂದುಕೊಂಡ ತಂದೆ. ಮಗ ಗವಿಯೊಳಗೆ ನುಗ್ಗುತ್ತಲೇ ಅವನು ಪ್ರಪಾತದ ಅಂಚಿಗೆ ನಡೆದ. ರುಮಾಲು ಬಿಚ್ಚಿ ಕಲ್ಲಿನ ಮೇಲಿಟ್ಟ. ಹೆಂಡತಿಯನ್ನು ನೆನೆದು ಕಣ್ಣು ಮುಚ್ಚಿದ. ಇನ್ನೇನು ಒಂದು ಹೆಜ್ಜೆ.

"ಅಪ್ಪಾ, ಸಿಕ್ತು!"

ಕಣ್ಣು ತೆರೆದು ತಿರುಗಿದರೆ, ಮಗ ಬೆತ್ತವನ್ನು ಒಂದೇ ಕೈಯಲ್ಲಿ ಗರಗರನೆ ತಿರುಗಿಸುತ್ತ, ನಗುನಗುತ್ತ ಹೊರಗೆ ಬರುತ್ತಿದ್ದ.