ಚಿಕ್ಕಮ್ಮ ಇಡದೆ ಬಿಟ್ಟ ಹೆಸರು

ಮೊಮ್ಮಗಳ ಕೂಸಿಗೆ ಬಜೆ ತೇಯುವಾಗೆಲ್ಲ ಆ ವಾಸನೆಗೆ ಕೆಸರೆಯ ಅಜ್ಜಿಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಮರುದಿನ ಚಿಕ್ಕಮ್ಮನ ಚೊಚ್ಚಲ ಕೂಸಿಗೆ ನಾಮಕರಣ. ಊರಲ್ಲಿ ಯಾರಿಗೂ ಇಲ್ಲದ ಹೆಸರಿಡಬೇಕೆಂದು ಅವಳ ಹಟ.

"ನಂಗಾದ್ರೂ ಹೇಳೇ," ಎಂದಳು ಅಜ್ಜಿ.

"ನಾಳೆ ಮಗೀನ ಕಿವೀಲಿ ಹೇಳೋಗಂಟ ಯಾರ್ಗೂ ಹೇಳಲ್ಲ ಕಣವ್ವ."

ಆಗ ಬಾಗಿಲಾಚೆ ಯಾರೋ ಒಂದು ಹೆಸರು ಹಿಡಿದು ಕೂಗಿದರು. ನಾನೆಂದೂ ಕೇಳದ ಹೆಸರು. ದನಿ ಮಾತ್ರ ಅಜ್ಜಿಯದೇ. ಅಜ್ಜಿ ನನ್ನ ಪಕ್ಕದಲ್ಲೇ ಕೂತು ಬಜೆ ತೇಯುತ್ತಿದ್ದಳು.

ಚಿಕ್ಕಮ್ಮನ ಮುಖ ಬಿಳಿಚಿತು. "ಅದೇ ಹೆಸ್ರು ಕಣವ್ವ."

ತೊಟ್ಟಿಲಲ್ಲಿ ಕೂಸು ಬಾಗಿಲ ಕಡೆ ತಿರುಗಿ ಬಾಯಿ ತೆರೆಯಿತು. ಅಜ್ಜಿ ಎದ್ದು ಹೋಗಿ ಅಂಗೈಯಿಂದ ಅದರ ಬಾಯಿ ಮುಚ್ಚಿದಳು.

"ಓಗೊಟ್ರೆ ಮಗು ಉಳಿಯಲ್ಲ. ಬೇರೆ ಹೆಸ್ರು ನೋಡು."

ಮರುದಿನ ಲಕ್ಷ್ಮಿ ಎಂದು ಕರೆದರು. ಲಕ್ಷ್ಮಿಗೆ ಈಗ ಮೊಮ್ಮಕ್ಕಳಿದ್ದಾರೆ. ಆ ಇನ್ನೊಂದು ಹೆಸರು ನನಗೆ ಚೆನ್ನಾಗಿ ನೆನಪಿದೆ. ಇಲ್ಲಿ ಬರೆಯುವುದಿಲ್ಲ.