ವಾದಕನ ಅಳಿಯ

ಮುನ್ನೂರು ವರ್ಷಗಳ ಹಿಂದೆ ಜರ್ಮನಿಯ ಒಂದು ಊರಿನಲ್ಲಿ ಹೀಗೊಂದು ಪದ್ಧತಿಯಿತ್ತು. ಚರ್ಚಿನ ಆರ್ಗನ್ ವಾದಕನ ಕೆಲಸ ಬೇಕೆಂದರೆ ಹಳೆಯ ವಾದಕನ ಮಗಳನ್ನೂ ಮದುವೆಯಾಗಬೇಕು.

ಪ್ರತಿ ಭಾನುವಾರ ಚರ್ಚಿನ ಅಟ್ಟದ ಮೇಲಿಂದ ಕೇಳಿಬರುತ್ತಿದ್ದ ಸಂಗೀತಕ್ಕೆ ಮರುಳಾಗಿ ಅರ್ಜಿ ಹಾಕಿದ್ದ ಪರವೂರಿನ ತರುಣನಿಗೆ ಈ ಷರತ್ತು ತಿಳಿದದ್ದು ಪರೀಕ್ಷೆಯ ದಿನವೇ. ನೇರವಾಗಿ ಬೇಡವೆಂದರೆ ಮುದುಕ ವಾದಕ ಮುನಿಸಿಕೊಂಡು ಬೇರೆ ಊರುಗಳಲ್ಲೂ ಕೆಲಸ ತಪ್ಪಿಸಿಯಾನು. ಹಾಗಾಗಿ ತರುಣ ಬೇಕೆಂದೇ ಕೆಡಿಸಿ ನುಡಿಸಿದ. ಸ್ವರ ತಪ್ಪಿತು, ತಾಳ ಎತ್ತಲೋ ಹೋಯಿತು, ಕೆಳಗೆ ಪಾದ್ರಿಯ ನಾಯಿ ಊಳಿಟ್ಟಿತು.

"ಕ್ಷಮಿಸಿ ಗುರುಗಳೇ, ನನ್ನ ಕೈಲಿ ಇಷ್ಟೇ ಆಗೋದು" ಎಂದು ಟೋಪಿ ಎತ್ತಿಕೊಂಡ.

ಮುದುಕ ಪಕ್ಕದಲ್ಲಿದ್ದ ಮಗಳ ಮುಖ ನೋಡಿದ. "ಏನಮ್ಮಾ?"

"ಇವರೇ ಇರಲಿ ಅಪ್ಪ. ಚೆನ್ನಾಗಿ ನುಡಿಸೋರು ಬಂದಿದ್ರೆ ನಾನು ಜಾಗ ಬಿಟ್ಟುಕೊಡಬೇಕಾಗ್ತಿತ್ತು" ಎನ್ನುತ್ತ ಅವಳು ಆರ್ಗನ್ ಮುಂದೆ ಕುಳಿತಳು.

ಮುದುಕ ತರುಣನ ತೋಳು ಹಿಡಿದು ವಾದ್ಯದ ಹಿಂದಕ್ಕೆ ಕರೆದೊಯ್ದ.

"ಬನ್ನಿ ಅಳಿಯಂದ್ರೇ, ಇದಕ್ಕೆ ಗಾಳಿ ತುಂಬೋ ತಿದಿ ಒತ್ತೋದು ಹೇಗೆ ಅಂತ ತೋರಿಸ್ತೀನಿ. ಇಷ್ಟು ವರ್ಷ ನಾನು ಮಾಡ್ತಿದ್ದದ್ದೂ ಅದನ್ನೇ."